ನಿಂತು ನಿಂತು ಓಡುವ ಫಿಲ್ಮು

ಚಲಚ್ಚಿತ್ರವನ್ನು ತೆಗೆಯುವಾಗ ಕ್ಯಾಮೆರಾದೊಳಗೆ ಫಿಲ್ಮು ಒಂದೇ ಸಮನೆ ಸರಿಯುತ್ತ ಹೋಗುತ್ತದೆಂದು ಅನೇಕರು ಭಾವಿಸಿದ್ದಾರೆ. ಹಾಗೇನಾದರೂ ಸರಿಯುತ್ತಿದ್ದರೆ ತೆರೆಯ ಮೇಲೆ ನಮಗೆ ಕಾಣುತ್ತಿದ್ದುದು ನಟನಟಿಯರಲ್ಲ, ಮೇಲಿಂದ ಕೆಳಕ್ಕೆ ಎಳೆದ ಗೀಟುಗಳು. ಚಿತ್ರ ಸ್ಪಷ್ಟವಾಗಿ ಮೂಡಬೇಕಾದರೆ ಬೆಳಕು ಬೀಳುವಷ್ಟು ಹೊತ್ತೂ ಫಿಲ್ಮು ಅಲುಗದೆ ನಿಂತಿರಬೇಕು. ಬಳಿಕ ಕತ್ತಲೆಯಲ್ಲಿ ಒಂದು ಚಿತ್ರದಷ್ಟು ದೂರ ಜಿಗಿದು ಮತ್ತೆ ನಿಲ್ಲಬೇಕು. ಇದು ಸೆಕೆಂಡಿಗೆ 24 ಬಾರಿ ನಡೆಯಬೇಕು. ಇಂದು ಬಹುಪಾಲು ಚಿತ್ರಗಳನ್ನು ಡಿಜಿಟಲ್ ಕ್ಯಾಮೆರಾಗಳಿಂದ ತೆಗೆಯುತ್ತಾರಾದರೂ ಫಿಲ್ಮು ಪೂರ್ತಿಯಾಗಿ ಮರೆಯಾಗಿಲ್ಲ. 2023ರಲ್ಲಿ ತೆರೆಕಂಡ 'ಆಪನ್‌ಹೈಮರ್' ಚಿತ್ರವನ್ನು ಫಿಲ್ಮಿನ ಮೇಲೆಯೇ ತೆಗೆದರು.

ಮೇಲೆ ಹೇಳಿದ ಜಿಗಿತ ಎಂಥದೆಂಬುದನ್ನು ಲೆಕ್ಕ ಹಾಕಿ ನೋಡೋಣ. 35 ಮಿಲಿಮೀಟರು ಅಗಲದ ಫಿಲ್ಮಿನ ಎರಡು ಅಂಚುಗಳಲ್ಲಿಯೂ ರಂಧ್ರಗಳ ಸಾಲಿರುತ್ತದೆ. ರೂಢಿಯಲ್ಲಿರುವ ಪದ್ಧತಿಯಂತೆ ಒಂದು ಚಿತ್ರಕ್ಕೆ ನಾಲ್ಕು ರಂಧ್ರಗಳಷ್ಟು, ಅಂದರೆ 19 ಮಿಲಿಮೀಟರು ಉದ್ದದ ಫಿಲ್ಮು ಬೇಕು. ಫಿಲ್ಮಿಗೂ ಮಸೂರಕ್ಕೂ ನಡುವೆ ಅರ್ಧವೃತ್ತಾಕಾರದ ತಗಡೊಂದು ತಿರುಗುತ್ತಿರುತ್ತದೆ, ಇದೇ ಷಟರು. ಇದರಿಂದ 1/48 ಸೆಕೆಂಡು ಬೆಳಕು, 1/48 ಸೆಕೆಂಡು ಕತ್ತಲೆ. ಈ ಕತ್ತಲೆ ಮುಗಿಯುವುದರೊಳಗೆ ಫಿಲ್ಮು ನಿಶ್ಚಲ ಸ್ಥಿತಿಯಿಂದ ಹೊರಟು, 19 ಮಿಲಿಮೀಟರು ಸಾಗಿ, ಪುನಃ ನಿಶ್ಚಲವಾಗಬೇಕು. ಮೊದಲರ್ಧ ದೂರದಲ್ಲಿ ವೇಗವು ಒಂದೇ ಪ್ರಕಾರ ಹೆಚ್ಚಿ, ಉಳಿದರ್ಧದಲ್ಲಿ ಅದೇ ಪ್ರಕಾರ ಕುಗ್ಗುವುದೆಂದು ಇಟ್ಟುಕೊಂಡರೆ, ವೇಗೋತ್ಕರ್ಷ ಪ್ರತಿ ಸೆಕೆಂಡಿಗೆ ಸೆಕೆಂಡಿಗೆ ಸುಮಾರು 175 ಮೀಟರು. ಗುರುತ್ವದ ವೇಗೋತ್ಕರ್ಷದ ಹದಿನೆಂಟರಷ್ಟು! ಕಾಲೇಜಿನ ವಿದ್ಯಾರ್ಥಿಗಳು ನಮ್ಮ ಮಾತನ್ನು ನಂಬದೆ ತಾವೇ ಲೆಕ್ಕ ಮಾಡಿ ನೋಡುವುದು ಒಳ್ಳೆಯದು.

ಸಾವಿರ ಅಡಿ ಫಿಲ್ಮಿನ ಸುರುಳಿ ಸುಮಾರು 2 ಕಿಲೋಗ್ರಾಂ ತೂಗುತ್ತದೆ. ಅಷ್ಟು ಜಡತ್ವವುಳ್ಳ ಸುರುಳಿಯನ್ನೇ ಹೀಗೆ ಎಳೆದು ಎಳೆದು ನಿಲ್ಲಿಸಹೊರಟರೆ ಫಿಲ್ಮು ಹರಿಯುವುದು ನಿಶ್ಚಯ. ಆದುದರಿಂದ ಸುರುಳಿಯನ್ನು ಹಲ್ಲುಚಕ್ರವೊಂದು ಒಂದೇ ವೇಗದಲ್ಲಿ ಬಿಚ್ಚುತ್ತಿರುತ್ತದೆ. ಬೆಳಕು ಬೀಳುವ ಕಿಂಡಿಯ ಎರಡು ಕಡೆಯೂ ಫಿಲ್ಮನ್ನು ಬಿಲ್ಲಿನಂತೆ ಸಡಿಲವಾಗಿ ಬಾಗಿಸಿ ಬಿಟ್ಟಿರುತ್ತಾರೆ. ಜಿಗಿಯುವುದು ಈ ಬಾಗುಗಳ ನಡುವಿನ ತುಂಡು ಮಾತ್ರ.

ಜಿಗಿಸುವ ಕೆಲಸ ಒಂದು ಕೊಕ್ಕೆಯದು. ಅದು ರಂಧ್ರವನ್ನು ಹಿಡಿದು ಕೆಳಗೆ ಎಳೆಯುತ್ತದೆ, ಹಿಂದೆ ಸರಿಯುತ್ತದೆ, ಮೇಲೇರಿ ಮತ್ತೆ ಹಿಡಿಯುತ್ತದೆ. 1895ರಲ್ಲಿ ಫ್ರಾನ್ಸಿನ ಲೂಮಿಯೇರ್ ಸಹೋದರರು ರಚಿಸಿದ ಯಂತ್ರದಲ್ಲಿಯೇ ಇಂಥ ಕೊಕ್ಕೆಯಿತ್ತು. ಬಟ್ಟೆಯನ್ನು ಒಂದೊಂದು ಹೊಲಿಗೆಗೂ ಸರಿಸಿ ನಿಲ್ಲಿಸುವ ಹೊಲಿಗೆಯಂತ್ರದಿಂದ ಅವರಿಗೆ ಈ ಉಪಾಯ ಹೊಳೆಯಿತು. ಆದರೆ ಕೊಕ್ಕೆ ಕೈಬಿಟ್ಟ ಮೇಲೆ ಫಿಲ್ಮು ತುಸು ಜಾರಿದರೆ? 22 ಮಿಲಿಮೀಟರು ಅಗಲದ ಚಿತ್ರ 11 ಮೀಟರು ಅಗಲದ ತೆರೆಯನ್ನು ತುಂಬುವಾಗ ಐನೂರು ಪಟ್ಟು ಹಿಗ್ಗುತ್ತದೆ. ಕ್ಯಾಮೆರಾದಲ್ಲಿ 0.02 ಮಿಲಿಮೀಟರಿನ ತಪ್ಪು ತೆರೆಯ ಮೇಲೆ ಒಂದು ಸೆಂಟಿಮೀಟರಿನ ನಡುಕ! ಅದಕ್ಕಾಗಿ ಅಮೆರಿಕದ ಮಿಚೆಲ್ ಕ್ಯಾಮೆರಾದಲ್ಲಿ ಕೊಕ್ಕೆ ಹಿಂದೆ ಸರಿಯುವ ಹೊತ್ತಿಗೆ ನಯವಾಗಿ ಅರೆದ ಎರಡು ಉಕ್ಕಿನ ಮೊಳೆಗಳು ರಂಧ್ರಗಳಲ್ಲಿ ಹೊಕ್ಕು, ಬೆಳಕು ಬಿದ್ದು ಮುಗಿಯುವವರೆಗೆ ಫಿಲ್ಮನ್ನು ಬಿಗಿಯಾಗಿ ಹಿಡಿದಿರುತ್ತವೆ. ಇಷ್ಟೆಲ್ಲ ನಡೆಯುವಾಗ ಸದ್ದಾಗುವುದು ಸಹಜ. ಮಾತಿನ ಚಿತ್ರಗಳು ಬಂದಮೇಲೆ ಆ ಸದ್ದನ್ನು ಅಡಗಿಸಲು ಪಟ್ಟ ಪಾಡು ಬೇರೆಯೇ ಒಂದು ಕಥೆ.

ಫಿಲ್ಮು ಸ್ಥಿರವಾಗಿ ನಿಂತರೂ ಇನ್ನೊಂದು ತೊಡಕು ಉಳಿಯುತ್ತದೆ. ಚಿತ್ರ ತೆಗೆಯುತ್ತಿರುವಾಗ ಮಸೂರದ ಬೆಳಕೆಲ್ಲ ಫಿಲ್ಮಿಗೇ ಮೀಸಲು. ಹಾಗಾದರೆ ಛಾಯಾಗ್ರಾಹಕ ನೋಡುವುದು ಹೇಗೆ? ಹಳೆಯ ಮಿಚೆಲ್ ಕ್ಯಾಮೆರಾದಲ್ಲಿ ಆತ ಪಕ್ಕಕ್ಕೆ ಜೋಡಿಸಿದ ಬೇರೊಂದು ದರ್ಶಕದ ಮೂಲಕ ನೋಡಬೇಕಾಗಿತ್ತು. ಮೂಗಿನ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣಿನಿಂದ ನೋಡಿದರೆ ಬೆರಳು ಪಕ್ಕಕ್ಕೆ ಸರಿದಂತೆ ತೋರುವುದಷ್ಟೆ? ಹಾಗೆಯೇ ದರ್ಶಕ ಕಂಡದ್ದಕ್ಕೂ ಮಸೂರ ಕಂಡದ್ದಕ್ಕೂ ವ್ಯತ್ಯಾಸ ಬರುತ್ತಿತ್ತು, ಹತ್ತಿರದ ದೃಶ್ಯಗಳಲ್ಲಂತೂ ಹೆಚ್ಚಾಗಿ.

1937ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಆರ್ನಾಲ್ಡ್ ಮತ್ತು ರಿಕ್ಟರ್ ಸಂಸ್ಥೆ ಹೊರತಂದ ಆರಿಫ್ಲೆಕ್ಸ್ 35 ಇದಕ್ಕೆ ಪರಿಹಾರ ನೀಡಿತು. ಅದನ್ನು ರಚಿಸಿದ ಎರಿಕ್ ಕೆಸ್ಟ್ನರ್ ಷಟರಿನ ಮುಖಕ್ಕೆ ಕನ್ನಡಿ ಹೊದಿಸಿ, ಅದನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿದನು. ಷಟರು ಮುಚ್ಚಿದ್ದಾಗ ವ್ಯರ್ಥವಾಗುತ್ತಿದ್ದ ಬೆಳಕು ಕನ್ನಡಿಯಿಂದ ಪ್ರತಿಫಲಿಸಿ ನೋಡುವವನ ಕಣ್ಣಿಗೆ ಬರತೊಡಗಿತು. ಒಂದೇ ಮಸೂರ ಫಿಲ್ಮಿಗೂ ಕಣ್ಣಿಗೂ ಸರದಿಯ ಮೇಲೆ ದುಡಿಯುವ ಈ ಏರ್ಪಾಡು ನಮಗೆ ಕ್ಯಾಮೆರಾದ ಇತರ ಎಲ್ಲ ಭಾಗಗಳಿಗಿಂತ ಸೊಗಸಾಗಿ ಕಾಣುತ್ತದೆ.

ಇದರಲ್ಲೊಂದು ವಿಚಿತ್ರವೂ ಇದೆ. ಫಿಲ್ಮಿನ ಮೇಲೆ ಮೂಡುವ ಕ್ಷಣಗಳಲ್ಲಿ ಒಂದನ್ನೂ ಆತ ಕಾಣಲಾರ. ಆತ ಕಾಣುವುದೆಲ್ಲ ಅವುಗಳ ನಡುವಿನ ಕ್ಷಣಗಳನ್ನು. ಸಾಮಾನ್ಯ ದೃಶ್ಯಗಳಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ಕೋವಿ ಹಾರಿಸುವ ದೃಶ್ಯದಲ್ಲಿ ಜ್ವಾಲೆ ಮಿಂಚಿ ಮಾಯವಾಗುವುದು ಇಂಥ ಒಂದೇ ಕ್ಷಣದೊಳಗೆ. ಜ್ವಾಲೆ ಕಣ್ಣಿಗೆ ಚೆನ್ನಾಗಿ ಕಾಣಿಸಿತೆಂದರೆ, ಅದು ಫಿಲ್ಮಿಗೆ ಬಿದ್ದಿರದೆಂಬ ಸಂಶಯದಿಂದ ಛಾಯಾಗ್ರಾಹಕ ಇನ್ನೊಮ್ಮೆ ಗುಂಡು ಹಾರಿಸಲು ಹೇಳುತ್ತಾನೆ.