ವೈಫೈ ಕಾರ್ಡ್: ಡಬ್ಬಿಯ ಸಂಖ್ಯೆಗಿಂತ ಆಂಟೆನಾ ಮುಖ್ಯ

ಡೆಸ್ಕ್‌ಟಾಪ್ ಕಂಪ್ಯೂಟರಿಗೆ ವೈಫೈ ಕಾರ್ಡ್ ಹಾಕಿಸಲು ಹೊರಟ ಓದುಗರೊಬ್ಬರ ಪ್ರಶ್ನೆ ಇದು: ‘ಒಂದರ ಡಬ್ಬಿಯ ಮೇಲೆ ಎಎಕ್ಸ್ 3000 ಎಂದಿದೆ, ಇನ್ನೊಂದರ ಮೇಲೆ ಎಎಕ್ಸ್‌ಇ 5400. ಎರಡನೆಯದರ ವೇಗ ಹೆಚ್ಚುಕಮ್ಮಿ ಎರಡು ಪಟ್ಟು ಎಂದು ತಿಳಿಯಬಹುದೇ?’

ಖಂಡಿತ ಇಲ್ಲ. ಮೊದಲನೆಯದರಲ್ಲಿ 5 ಗಿಗಾಹರ್ಟ್ಸ್ ಬ್ಯಾಂಡಿನ 2402 ಮೆಗಾಬಿಟ್‌ಗೆ 2.4 ಗಿಗಾಹರ್ಟ್ಸ್‌ನ 574 ಕೂಡಿಸಿ, ದುಂಡಾಗಿ 3000 ಎಂದು ಬರೆದಿದ್ದಾರೆ. ಎರಡನೆಯದರಲ್ಲಿ 6 ಗಿಗಾಹರ್ಟ್ಸ್‌ನ ಮತ್ತೊಂದು 2402 ಸೇರಿದೆ. ಆದರೆ ಇಂಥ ಕಾರ್ಡ್ ಒಂದು ಸಲಕ್ಕೆ ಒಂದೇ ಬ್ಯಾಂಡ್ ಬಳಸುತ್ತದೆ. ಹಾಗಾಗಿ ಎರಡರ ಗರಿಷ್ಠವೂ 2402. ಅದೂ ರೂಟರ್ 160 ಮೆಗಾಹರ್ಟ್ಸ್ ಅಗಲದ ಚಾನೆಲ್ ಕೊಟ್ಟರೆ ಮಾತ್ರ. ಚಾನೆಲ್ 80ಕ್ಕೆ ಇಳಿದರೆ ವೇಗ 1201. ಮನೆಯ ಫೈಬರ್ ಸಂಪರ್ಕವೇ 100 ಮೆಗಾಬಿಟ್‌ನದ್ದಾದರೆ ಇಂಟರ್ನೆಟ್ಟಿಗಾಗಿ ಇಷ್ಟಕ್ಕೆಲ್ಲ ದುಡ್ಡು ಸುರಿಯುವುದು ವ್ಯರ್ಥ.

ಡಬ್ಬಿಯ ಸಂಖ್ಯೆ ಹಾಗಿರಲಿ, ವೈಫೈ ಸಂಕೇತಕ್ಕೆ ದೊಡ್ಡ ತೊಡಕು ಎದುರಾಗುವುದು ಕೋಣೆಯೊಳಗೇ. ರೂಟರಿನ ಅಲೆ ನೇರವಾಗಿ ಬರುವುದಲ್ಲದೆ ಗೋಡೆ, ಬೀರು, ಫ್ರಿಜ್‌ಗಳಿಗೆ ಬಡಿದು ತುಸು ತಡವಾಗಿಯೂ ಬರುತ್ತದೆ. ಖಾಲಿ ಕಲ್ಯಾಣ ಮಂಟಪದಲ್ಲಿ ಒಬ್ಬರು ಬಡಬಡನೆ ಮಾತಾಡಿದರೆ ಪ್ರತಿಧ್ವನಿಯಲ್ಲಿ ಒಂದು ಮಾತಿನ ಮೇಲೆ ಇನ್ನೊಂದು ಬಿದ್ದು ಏನೂ ತಿಳಿಯುವುದಿಲ್ಲ. ನಿಧಾನವಾಗಿ, ನಡುನಡುವೆ ಬಿಡುವು ಕೊಟ್ಟು ಹೇಳಿದರೆ ಅರ್ಥವಾಗುತ್ತದೆ, ಆದರೆ ಹೇಳಿ ಮುಗಿಸಲು ಹೊತ್ತು ಹಿಡಿಯುತ್ತದೆ. ಅದೇ ವಿಷಯವನ್ನು 48 ಮಂದಿಗೆ ಹಂಚಿ, ಒಬ್ಬೊಬ್ಬರೂ ತಮ್ಮದೇ ಶ್ರುತಿಯಲ್ಲಿ ನಿಧಾನವಾಗಿ, ಒಟ್ಟಿಗೇ ಹೇಳಿದರೆ? ಶ್ರುತಿಗಳನ್ನು ಬಿಡಿಸಿ ಕೇಳಬಲ್ಲ ಕಿವಿ ಇದ್ದರೆ ಸ್ಪಷ್ಟತೆಯೂ ಉಳಿಯಿತು, ವೇಗವೂ ಸಿಕ್ಕಿತು. 1999ರ 802.11ಎ ವೈಫೈ ಮಾಡಿದ್ದು ಇದನ್ನೇ. ದತ್ತಾಂಶ ಹೊರಲು 48 ಉಪವಾಹಕ ಅಲೆಗಳು, ಪ್ರತಿ ಸಂಕೇತದ ನಡುವೆ 0.8 ಮೈಕ್ರೊಸೆಕೆಂಡ್ ಬಿಡುವು. ಶ್ರುತಿ ಬಿಡಿಸುವ ಕಿವಿ ಎಂದರೆ ಫೂರಿಯೆ ಗಣಿತ.

ಈ ದಾರಿಯಲ್ಲಿ ದೊಡ್ಡ ಹೆಜ್ಜೆ ಇಟ್ಟವರಲ್ಲಿ ಆಸ್ಟ್ರೇಲಿಯಾದ ಜಾನ್ ಓ’ಸಲಿವನ್ ಒಬ್ಬರು. 1970ರ ದಶಕದಲ್ಲಿ ಅವರು, ಸ್ಟೀಫನ್ ಹಾಕಿಂಗ್ ಊಹಿಸಿದ್ದ ಪುಟ್ಟ ಕಪ್ಪುಕುಳಿಗಳು ಸಿಡಿದಾಗ ಹೊಮ್ಮಬಹುದಾದ ರೇಡಿಯೊ ಮಿಡಿತವನ್ನು ಹುಡುಕುತ್ತಿದ್ದರು. ಅದು ಸಿಗಲಿಲ್ಲ. ಆದರೆ ರೇಡಿಯೊ ಖಗೋಳ ವಿಜ್ಞಾನದಲ್ಲಿ ಗಳಿಸಿದ ಆ ಗಣಿತದ ಪರಿಣತಿಯನ್ನು ಸಿಎಸ್‌ಐಆರ್‌ಒ ಸಂಶೋಧನಾ ಸಂಸ್ಥೆಯಲ್ಲಿದ್ದ ಅವರ ತಂಡ 1990ರ ದಶಕದಲ್ಲಿ ಕೋಣೆಯೊಳಗಿನ ಪ್ರತಿಧ್ವನಿಯ ಮೇಲೆ ಪ್ರಯೋಗಿಸಿತು. 1996ರಲ್ಲಿ ಅಮೆರಿಕದ ಪೇಟೆಂಟ್ ಅವರ ಕೈಸೇರಿತು.

ಅದೇ ಕಾಲದಲ್ಲಿ ಇನ್ನೊಬ್ಬರು ಬೇರೆಯೇ ದಿಕ್ಕಿನಲ್ಲಿ ಯೋಚಿಸಿದರು. ನೌಕಾಪಡೆಯ ಸೋನಾರ್ ರೂಪಿಸಿ, ಬೆಂಗಳೂರಿನ ಸಂಶೋಧನಾಲಯಗಳನ್ನು ಕಟ್ಟಿ ಸ್ಟ್ಯಾನ್‌ಫರ್ಡ್‌ಗೆ ಹೋಗಿದ್ದ ಆರೋಗ್ಯಸ್ವಾಮಿ ಪೌಲ್‌ರಾಜ್ ಅವರು. ಹಲವು ಆಂಟೆನಾಗಳಿದ್ದರೆ ಬೇರೆ ಬೇರೆ ದಾರಿಯಲ್ಲಿ ಬರುವ ಅಲೆಗಳ ಮೇಲೆ ಬೇರೆ ಬೇರೆ ದತ್ತಾಂಶ ಕಳಿಸಬಹುದೆಂದು ಅವರೂ ಅಲ್ಲಿನ ಪ್ರಾಧ್ಯಾಪಕ ಥಾಮಸ್ ಕೈಲತ್ ಅವರೂ ತೋರಿಸಿದರು. 1994ರಲ್ಲಿ ಪೇಟೆಂಟ್ ಬಂತು. ಕಾರ್ಡಿನ ಬೆನ್ನಿಗೆ ಎರಡು ಆಂಟೆನಾ ಇರುವುದು ಈ ಕಾರಣಕ್ಕೇ.

ಹೀಗಾಗಿ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಆಂಟೆನಾ. ಕಾರ್ಡಿಗೇ ತಿರುಗಿಸಿ ಕೂರಿಸುವ ಕಡ್ಡಿಗಳು ತಗಡಿನ ಕ್ಯಾಬಿನೆಟ್ಟಿನ ಹಿಂದೆ, ಮೇಜಿನ ಕೆಳಗೆ, ಗೋಡೆಗೆ ಮುಖಮಾಡಿ ಕೂರುತ್ತವೆ. ವೈರ್ ಇರುವ, ಬುಡದಲ್ಲಿ ಆಯಸ್ಕಾಂತವಿರುವ ಆಂಟೆನಾ ಕೊಡುವ ಕಾರ್ಡ್ ಆರಿಸಿ. ಅದನ್ನು ಮೇಜಿನ ಮೇಲಿಡಬಹುದು. 5 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 6 ಸೆಂಟಿಮೀಟರ್. ಆದ್ದರಿಂದ ಒಂದು ಗೇಣು ಸರಿಸಿದರೂ ಸಿಗ್ನಲ್ ಏರುಪೇರಾಗಬಹುದು.

ಕಾರ್ಡಿನ ಜೊತೆ ಬರುವ ಸಣ್ಣ ವೈರನ್ನು ಮದರ್‌ಬೋರ್ಡಿನ ಯುಎಸ್‌ಬಿ ಪಿನ್ನುಗಳಿಗೆ ಸಿಕ್ಕಿಸದಿದ್ದರೆ ಬ್ಲೂಟೂತ್ ಕೆಲಸ ಮಾಡದು. ಬಿಡಿ ಎಂ.2 ಮಾಡ್ಯೂಲ್ ಕೊಳ್ಳುವವರು ಗಮನಿಸಿ: ಇಂಟೆಲ್‌ನ ಎಎಕ್ಸ್ 211 ಎಎಂಡಿ ಬೋರ್ಡುಗಳಲ್ಲಿ ನಡೆಯದು, ಎಎಕ್ಸ್ 210 ನಡೆಯುತ್ತದೆ. 6 ಗಿಗಾಹರ್ಟ್ಸ್‌ನ ಕೆಳಭಾಗವನ್ನು ಲೈಸೆನ್ಸ್‌ನಿಂದ ಮುಕ್ತಗೊಳಿಸುವ ಕರಡು ನಿಯಮಗಳನ್ನು ದೂರಸಂಪರ್ಕ ಇಲಾಖೆ 2025ರ ಮೇನಲ್ಲಿ ಹೊರಡಿಸಿತು. ಆದರೂ ಆ ಬ್ಯಾಂಡಿನ ರೂಟರ್ ಮನೆಯಲ್ಲಿ ಇಲ್ಲದಿದ್ದರೆ 6 ಗಿಗಾಹರ್ಟ್ಸ್ ಕಾರ್ಡಿನಿಂದ ಹೆಚ್ಚಿನ ಲಾಭವಿಲ್ಲ. ಎರಡು ಆಂಟೆನಾದ ಸಾಧಾರಣ ವೈಫೈ 6 (ಎಎಕ್ಸ್) ಕಾರ್ಡ್ ಬಹುತೇಕ ಮನೆಗಳಿಗೆ ಧಾರಾಳ ಸಾಕು. ಹಾಕಿಸಿದ ಮೇಲೆ ವೇಗದ ಪರೀಕ್ಷೆ ಮಾಡುತ್ತಾ ಆಂಟೆನಾವನ್ನು ನಾಲ್ಕು ಕಡೆ ಇಟ್ಟು ನೋಡಿ, ಚೆನ್ನಾಗಿ ಸಿಕ್ಕಿದ ಕಡೆ ಬಿಡಿ.