ಕಾಗಕ್ಕನ ಹೆಂಡಿ ಮನಿ ಎಲ್ಲಿ ಹೋಯ್ತು?



ಮೊನ್ನೆ ಸಂಜೆ ಸಂಘಕ್ಕೆ ಹಾಲು ಹಾಕಿ ಬಂದು ಕ್ಯಾನು ತೊಳೆಯುತ್ತಿದ್ದೆ. ಏಳನೇ ತರಗತಿಯ ಮಗಳು ಮೊಬೈಲ್ ಹಿಡಿದು ಬಂದು, "ಯವ್ವಾ, ನಾವು ಮಾಡಿದ ಪುಸ್ತಕ ನೋಡು" ಅಂದಳು. ನಾಲ್ಕು ಹುಡುಗಿಯರು ಸೇರಿ ಕಾಗಕ್ಕ-ಗುಬ್ಬಕ್ಕನ ಕಥೆಯನ್ನು ಚಿತ್ರದ ಪುಸ್ತಕ ಮಾಡಿ ಇಂಟರ್‌ನೆಟ್ಟಿಗೆ ಹಾಕಿದ್ದರು. ಕಥೆ ಹೇಳಿಕೊಟ್ಟವರು ನಮ್ಮತ್ತೆ. ಅವರನ್ನೂ ಕರೆದು ಮೂವರೂ ಕಟ್ಟೆಯ ಮೇಲೆ ಕುಳಿತು ನೋಡಿದೆವು.

ಕಥೆ ನಿಮಗೆ ಗೊತ್ತೇ ಇದೆ. ಕಾಗಕ್ಕನದು ಹೆಂಡಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ದೊಡ್ಡ ಮಳೆ ಬಂದು ಹೆಂಡಿ ಮನೆ ಹರಿದುಹೋಗುತ್ತದೆ. ಕಾಗಕ್ಕ ಬಂದು ಬಾಗಿಲು ಬಡಿದರೆ ಗುಬ್ಬಕ್ಕ ತೆರೆಯುವುದಿಲ್ಲ. ಕೂಸಿಗೆ ಎರೀಲಕತ್ತೀನಿ, ಹಾಲು ಕುಡಸ್ಲಕತ್ತೀನಿ, ತೊಟ್ಟಿಲ ತೂಗ್ಲಕತ್ತೀನಿ ಎಂದು ನೆಪ ಹೇಳುತ್ತಲೇ ಇರುತ್ತಾಳೆ.

ಮೊದಲ ಪುಟ ನೋಡಿ ಖುಷಿಯಾಯಿತು. ಬಣ್ಣ ಚೆನ್ನಾಗಿತ್ತು, ಅಕ್ಷರ ದಪ್ಪಗಿದ್ದವು. ಹುಡುಗಿಯರು ಚಿತ್ರಗಳನ್ನು ತಾವೇ ಬರೆಯದೆ ಸಿದ್ಧ ಚಿತ್ರಗಳಲ್ಲಿ ಆರಿಸಿದ್ದರು. ಹಾಗಾಗಿ ಗುಬ್ಬಕ್ಕನ ಮನೆಯ ಹಿಂದೆ ತೆಂಗಿನ ಸಾಲು! ನಮ್ಮ ತೊಗರಿ ಸೀಮೆಯಲ್ಲಿ ಅಷ್ಟು ತೆಂಗೆಲ್ಲಿ? ಅತ್ತೆ ನಕ್ಕರು. ಎರಡನೇ ಪುಟದಲ್ಲಿ ಮಗಳು "ಕಾಗಕ್ಕನದು ಮಣ್ಣಿನ ಮನೆ" ಎಂದು ಓದಿದಳು. ಅತ್ತೆಯ ನಗು ನಿಂತಿತು.

"ಹೆಂಡಿ ಎಲ್ಲಿ ಹೋಯ್ತವ್ವಾ?"

"ಓದೋರಿಗೆ ಹೊಲಸು ಅನಸ್ತದಂತ ತೆಗೆದ್ವಿ ಆಯಿ."

ನನಗೆ ಸಿಟ್ಟು ಬರಲಿಲ್ಲ, ಆದರೆ ಮನಸ್ಸಿಗೆ ಏನೋ ಚುಚ್ಚಿತು. ದಿನಾ ಬೆಳಿಗ್ಗೆ ಬರಿಗೈಲಿ ಹೆಂಡಿ ಬಳಿದು, ಕುಳ್ಳು ತಟ್ಟಿ, ಉಳಿದದ್ದನ್ನು ತಿಪ್ಪೆಗೆ ಹಾಕಿ ಹೊಲಕ್ಕೆ ಗೊಬ್ಬರ ಮಾಡುವವಳು ನಾನು. ಅವಳ ಪಾಟಿ-ಪುಸ್ತಕ ಬಂದಿದ್ದು ಅದೇ ಕೊಟ್ಟಿಗೆಯಿಂದ. ಅತ್ತೆ ಮಾತ್ರ ಬೇರೆಯದೇ ತಪ್ಪು ಹಿಡಿದರು. "ಮಣ್ಣಿನ ಮಾಳಗಿ ಒಂದ್ ಮಳಿಗಿ ಹೋಗ್ತದೇನು? ನಮ್ಮ ಮುತ್ಯಾ ಕಟ್ಟಿದ ಮಾಳಗಿ ಇನ್ನೂ ನಿಂತದ. ಕರಗೋದು ಹೆಂಡಿ!" ಮಗಳ ಬಳಿ ಉತ್ತರವಿರಲಿಲ್ಲ.

ಆದರೆ ಬಾಗಿಲು ಬಡಿಯುವ ಪುಟಗಳು ನಿಜಕ್ಕೂ ಚೆನ್ನಾಗಿವೆ. ಒಂದು ನೆಪಕ್ಕೆ ಒಂದು ಪುಟ. ಬೆರಳಿನಿಂದ ಸರಿಸಿದಷ್ಟೂ ಬಾಗಿಲು ಮುಚ್ಚಿಯೇ ಇರುತ್ತದೆ. ಅತ್ತೆ ಕಥೆ ಹೇಳುವಾಗ ನಡುವೆ ಸುಮ್ಮನಾಗಿ ಕಾಯಿಸುತ್ತಾರಲ್ಲ, ಹಾಗೇ. ಕೊನೆಯನ್ನು ಹುಡುಗಿಯರು ಬದಲಿಸಿದ್ದಾರೆ. ಅತ್ತೆಯ ಕಥೆಯಲ್ಲಿ ಒಳಗೆ ಬಂದ ಕಾಗಕ್ಕ ರಾತ್ರಿಯೆಲ್ಲ ಕಟುಂ ಕುಟುಂ ಎಂದು ಕಡಲೆ ತಿಂದು ಖಾಲಿ ಮಾಡುತ್ತಾಳೆ. ಇಲ್ಲಿ ಇಬ್ಬರೂ ಕೂಡಿ ರೊಟ್ಟಿ ಬಡಿಯುತ್ತಾರೆ. ನನಗೇನೋ ಕಟುಂ ಕುಟುಂ ಇರಬೇಕಿತ್ತು ಅನಿಸಿತು. ಮಕ್ಕಳು ಹೊಟ್ಟೆ ಹಿಡಿದು ನಗುವುದು ಅಲ್ಲೇ.

ಮರಾಠಿ ಸೀಮೆಯಲ್ಲಿ ಇದೇ ಕಥೆಯ ಗುಬ್ಬಿಗೆ ಮೇಣದ ಮನೆ. ಶಹಾಬಾದ್, ವಾಡಿ ಕಡೆ ಪರಸಿ ಕಲ್ಲಿನ ಗಣಿಗಳ ನಡುವೆ ಬೆಳೆದ ನಮಗೆ ಕಲ್ಲಿನ ಮನೆಯೇ ಸರಿ. ಚಿಂಚೋಳಿ, ಚಿತ್ತಾಪುರದ ತಾಂಡಾಗಳಲ್ಲಿ ಲಂಬಾಣಿ ಮಾತಿನ ಕಥೆಗಳಿವೆ, ಸೇಡಂ ಗಡಿಯ ಊರುಗಳಲ್ಲಿ ತೆಲುಗು ಬೆರೆತ ಕಥೆಗಳಿವೆ. ನಿಮ್ಮ ಮನೆಯ ಕಥೆ ನಿಮ್ಮ ಮನೆಯ ಮಾತಿನಲ್ಲೇ ಮಕ್ಕಳಿಗೆ ಸಿಗಲಿ.

ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ (1929–1993) ಸಂಗ್ರಹಿಸಿದ ಕನ್ನಡದ ಕಥೆಯೊಂದಿದೆ. ಒಬ್ಬಾಕೆಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಗಟ್ಟಿದ ಅವು, ಆಕೆ ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದವು. ಒಂದು ಕೋಟಾಯಿತು, ಒಂದು ಜೋಡಾಯಿತು. ಯಾರು ಬಂದಿದ್ದರೆಂದು ಗಂಡ ಜಗಳ ತೆಗೆದು ಹೊರಗೆ ಹೋಗಿ ಹನುಮಪ್ಪನ ಗುಡಿಯಲ್ಲಿ ಮಲಗಿದ. ಅಲ್ಲಿ ದೀಪಗಳ ಮಾತು ಕೇಳಿ ನಿಜ ತಿಳಿದು ಬಂದು, ನಿನ್ನ ಕಥೆ ಯಾವುದು ಎಂದು ಕೇಳಿದರೆ ಆಕೆಗೆ ಏನೂ ನೆನಪಿಲ್ಲ.

ಮಕ್ಕಳ ಜೊತೆ ಓದಲು ಬಯಸುವವರಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಇದೆ. ಓದಲು ದುಡ್ಡು ಕೊಡಬೇಕಿಲ್ಲ, ಕನ್ನಡದ ಪುಸ್ತಕಗಳೂ ಇವೆ. ಓದಿನ ಮಟ್ಟಕ್ಕೆ ತಕ್ಕಂತೆ 1ರಿಂದ 4ರವರೆಗೆ ಹಂತ ಮಾಡಿದ್ದಾರೆ. ಸ್ವಂತ ಪುಸ್ತಕವನ್ನೂ ಮಾಡಬಹುದು. ಒಮ್ಮೆ ಹಾಕಿದ್ದನ್ನು ಯಾರು ಬೇಕಾದರೂ ನೋಡುತ್ತಾರೆ. ಆದ್ದರಿಂದ ಮಕ್ಕಳ ಫೋಟೊ, ಊರು, ಫೋನ್ ನಂಬರ್ ಹಾಕಬೇಡಿ.

ನಮ್ಮ ಮನೆಯಲ್ಲಿ ಎರಡನೇ ಪುಸ್ತಕ ಶುರುವಾಗಿದೆ. ಈ ಸಲ ಚಿತ್ರ ಅವರೇ ಬರೆಯುತ್ತಿದ್ದಾರೆ. ಕಾಗಕ್ಕನ ಮನೆ ಹೇಗಿರಬೇಕೆಂದು ನೋಡಲು ಮಗಳು ನಿನ್ನೆ ಕೊಟ್ಟಿಗೆಯ ಹಿಂದಿನ ಕುಳ್ಳಿನ ರಾಶಿಯ ಮುಂದೆ ಅರ್ಧ ಗಂಟೆ ಕುಳಿತಿದ್ದಳು. ಅತ್ತೆಗೆ ಇನ್ನೊಂದು ಕಥೆ ನೆನಪಾಗಿದೆಯಂತೆ. "ಮೊದಲ ಎಮ್ಮಿ ಹಿಂಡ್ಕೊಂಡ್ ಬಾ, ಆಮ್ಯಾಲ ಹೇಳ್ತೀನಿ" ಅಂದಿದ್ದಾರೆ.