ಹೊಲದ ಲೆಕ್ಕದ ಪುಸ್ತಕ: ಮಳೆ ಕೈಕೊಟ್ಟಾಗ ಕೈಹಿಡಿಯುವ ತಿಳಿವಳಿಕೆ



ಖುಷ್ಕಿ ಬೇಸಾಯಕ್ಕೆ ಬೇಕಾದ ಬೀಜ, ಗೊಬ್ಬರ, ಉಪಕರಣಗಳನ್ನು ನೀವು ಮುಂಗಾರಿಗೆ ಮೊದಲೇ ಸಿದ್ಧಪಡಿಸಿಕೊಳ್ಳುತ್ತೀರಿ. ಆದರೆ ಮಳೆ ತಪ್ಪಿದ ವರ್ಷ ಇವುಗಳಷ್ಟೇ ಅವಶ್ಯವಾದ ಇನ್ನೊಂದು ಸಾಮಗ್ರಿ ಇದೆ. ಅದು ನಿಮ್ಮ ಹೊಲದ ಬಗ್ಗೆ ನಿಮಗಿರುವ ಖಚಿತ ತಿಳಿವಳಿಕೆ. ಇದು ಅಂಗಡಿಯಲ್ಲಿ ಸಿಗದು. ಸಂಕಟದ ದಿನ ಒಮ್ಮೆಲೇ ಗಳಿಸಲೂ ಬಾರದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿ ಪ್ರಯೋಜನವೇನು?

2023ರ ಮುಂಗಾರನ್ನು ನೆನೆಯಿರಿ. ಜೂನ್‌ನಲ್ಲಿ ಮಳೆ ಹಿಂಜರಿಯಿತು. ಆಗಸ್ಟ್ ತಿಂಗಳಂತೂ ದೇಶಕ್ಕೆ 1901ರಿಂದೀಚೆಗೆ ಅತಿ ಕಡಿಮೆ ಮಳೆಯ ಆಗಸ್ಟ್ ಆಯಿತು. ನಮ್ಮ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಅಂತಹ ವರ್ಷ, ಈಗ ಬಿತ್ತಬೇಕೇ, ಕಾಯಬೇಕೇ? ಯಾವ ಹೊಲಕ್ಕೆ ಯಾವ ತಳಿ? ತೀರ್ಮಾನ ತಪ್ಪಿದರೆ ಮನೆಯ ಕಾಳು, ದನದ ಮೇವು ಎರಡೂ ಹೋದಂತೆ. ಆದುದರಿಂದ ಒಂದು ನೋಟ್‌ಪುಸ್ತಕವಿಟ್ಟು ಈ ಮೂರು ಲೆಕ್ಕಗಳನ್ನು ಬರೆಯುವುದು ಒಳ್ಳೆಯದು.

1. ಮಳೆಯ ಲೆಕ್ಕ

ಗ್ರಾಮ ಪಂಚಾಯಿತಿಯ ಮಳೆಮಾಪಕ ಊರಿನ ಮಳೆಯನ್ನು ತಿಳಿಸುತ್ತದೆ. ಆದರೆ ಕೆರೆಯ ಆಚೆ ಸುರಿದ ಮಳೆ ಈಚೆ ಬೀಳದಿರುವುದನ್ನು ನೀವೇ ಕಂಡಿದ್ದೀರಿ. ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿರುವ, ತಳ ಸಮನಾಗಿರುವ ಒಂದು ಡಬ್ಬಿಯನ್ನು ಹೊಲದ ಬಯಲಿನಲ್ಲಿ ಅಲುಗದಂತೆ ನಿಲ್ಲಿಸಿ. ಮರವಿದ್ದಲ್ಲಿ ಅದರ ಎತ್ತರದ ಎರಡರಷ್ಟು ದೂರವಿರಲಿ. ದಿನವೂ ಬೆಳಿಗ್ಗೆ 8-30ಕ್ಕೆ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ಮಿಲಿಮೀಟರುಗಳಲ್ಲಿ ಅಳೆದು, ತಾರೀಖು ಮತ್ತು ಮಳೆ ನಕ್ಷತ್ರದೊಂದಿಗೆ ಬರೆದು, ನೀರನ್ನು ಚೆಲ್ಲಿರಿ. 10 ಮಿ.ಮೀ. ಮಳೆ ಎಂದರೆ ಎಕರೆಗೆ ಸುಮಾರು 40,000 ಲೀಟರ್ ನೀರು.

2. ಮಣ್ಣಿನ ಲೆಕ್ಕ

ಪ್ರತಿ ತಾಕಿನಲ್ಲೂ ಒಂದು ಗುಂಡಿ ತೋಡಿ, ಗರಸು ಅಥವಾ ಬಂಡೆ ಎಷ್ಟು ಆಳಕ್ಕೆ ಸಿಗುತ್ತದೆ ನೋಡಿ. ಮಳೆಯ ಮರುದಿನ ಕಬ್ಬಿಣದ ಸಲಾಕೆಯನ್ನು ಒತ್ತಿರಿ. ಹಸಿ ಮಣ್ಣಿನಲ್ಲಿ ಅದು ಸಲೀಸಾಗಿ ಇಳಿದು, ಒಣ ಪದರದಲ್ಲಿ ತಡೆಯುತ್ತದೆ. ಮಳೆ ನಿಂತ ಎಷ್ಟು ದಿನಕ್ಕೆ ಪೈರು ಬಾಡತೊಡಗಿತು ಎಂಬುದನ್ನು ತಾಕುವಾರು ಬರೆಯುವುದು ಅತಿ ಮುಖ್ಯ.

3. ಬೆಳೆಯ ಲೆಕ್ಕ

ತಳಿ, ಬಿತ್ತಿದ ದಿನ, ತೆನೆ ಬಂದ ದಿನ, ಕೊಯ್ಲಿನ ದಿನ, ಕಾಳು ಮತ್ತು ಮೇವಿನ ಇಳುವರಿ ಇವುಗಳನ್ನು ಬರೆಯಿರಿ. ಕೈತಪ್ಪಿದ ಬೆಳೆಯನ್ನೂ ಬಿಡಬೇಡಿ. ಯಾವ ಹಂತದಲ್ಲಿ ಮಳೆ ತಪ್ಪಿತು ಎಂಬುದು ಅದರಿಂದಲೇ ತಿಳಿಯುತ್ತದೆ.

ಉಪಯೋಗ ಹೇಗೆ?

ದಕ್ಷಿಣದ ಖುಷ್ಕಿ ಪ್ರದೇಶದ ರಾಗಿಯನ್ನೇ ತೆಗೆದುಕೊಳ್ಳೋಣ. ಎಂ.ಆರ್.-1, ಎಲ್-5ರಂತಹ ದೀರ್ಘಾವಧಿ ತಳಿಗಳನ್ನು ಜುಲೈ ಒಳಗೆ, ಜಿ.ಪಿ.ಯು.-28ನ್ನು ಆಗಸ್ಟ್ ಮಧ್ಯದವರೆಗೆ ಬಿತ್ತಬಹುದು. ಇನ್ನೂ ತಡವಾದರೆ ಜಿ.ಪಿ.ಯು.-48ರಂತಹ ಅಲ್ಪಾವಧಿ ತಳಿ ಅಥವಾ ಹುರುಳಿ ಸೂಕ್ತ. ಇದು ಎಲ್ಲರಿಗೂ ಅನ್ವಯಿಸುವ ಶಿಫಾರಸು. ನಿಮ್ಮ ಮೇಲಿನ ತಾಕು 8 ದಿನಕ್ಕೆ, ತಗ್ಗಿನ ತಾಕು 15 ದಿನಕ್ಕೆ ಒಣಗುವುದೆಂದು ಪುಸ್ತಕ ಹೇಳಿದರೆ, ಆಗಸ್ಟ್ ಕೊನೆಗೆ ಹದ ಸಿಕ್ಕಾಗ ತಗ್ಗಿಗೆ ಅಲ್ಪಾವಧಿ ರಾಗಿ, ಮೇಲಕ್ಕೆ ಹುರುಳಿ ಎಂದು ನೀವೇ ನಿರ್ಧರಿಸಬಹುದು. ನೆರೆಯವರನ್ನು ನೋಡಿ ಬಿತ್ತುವ ಪ್ರಮೇಯವೇ ಇರದು.

ಮರುಬಿತ್ತನೆಗೆ ಮನೆಯಲ್ಲಿಟ್ಟ ಬೀಜವನ್ನೂ ಪರೀಕ್ಷಿಸಿರಿ. 100 ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿಟ್ಟು ಮೊಳಕೆ ಎಣಿಸಿ. ರಾಗಿಯಲ್ಲಿ ಕನಿಷ್ಠ 75 ಮೊಳೆಯಬೇಕು. ಫಲಿತಾಂಶವನ್ನು ಪುಸ್ತಕದಲ್ಲಿ ಬರೆದಿಡಿ.

ಮನೆಮಂದಿಗೆಲ್ಲ ಗೊತ್ತಿರಲಿ

ಬಹಳ ಮನೆಗಳಲ್ಲಿ ಹೊಲದ ಗುಣವೆಲ್ಲ ಯಜಮಾನನ ತಲೆಯಲ್ಲೇ ಇರುತ್ತದೆ. ಆತ ಹಾಸಿಗೆ ಹಿಡಿದರೆ, ಇಲ್ಲವೇ ತೀರಿಕೊಂಡರೆ, ಆ ತಿಳಿವಳಿಕೆಯೂ ಹೋಗುತ್ತದೆ. ಹೆಂಡತಿ ಮಕ್ಕಳು ಮೊದಲಿನಿಂದ ಕಲಿಯಬೇಕಾಗುತ್ತದೆ. ಆದುದರಿಂದ ಮಳೆ ಅಳೆಯುವ ಕೆಲಸವನ್ನು ಶಾಲೆಗೆ ಹೋಗುವ ಮಗಳಿಗೋ ಮಗನಿಗೋ ವಹಿಸಿರಿ. ಬೀಜ ಕಾಯ್ದಿಡುವ ಹೆಣ್ಣುಮಕ್ಕಳು ಬೀಜದ ಲೆಕ್ಕ ಬರೆಸಲಿ. ಹಿರಿಯರು ಕಂಡ ಬರಗಾಲಗಳನ್ನು ಕೇಳಿ ಬರೆದುಕೊಳ್ಳಿ.

ಈ ಪುಸ್ತಕ ಮುಂದಿನ ಮಳೆಯನ್ನು ಹೇಳಲಾರದು. ಒಂದು ವರ್ಷದ ಬರಹದಿಂದ ತಿಳಿಯುವುದೂ ಕಡಿಮೆ. ನಾಲ್ಕಾರು ವರ್ಷ ಬಿಡದೆ ಬರೆದರೆ ನಿಮ್ಮ ಹೊಲ ಏನನ್ನು ತಡೆದೀತು, ಏನನ್ನು ತಡೆಯಲಾರದು ಎಂಬುದು ತಿಳಿಯುತ್ತದೆ. ರೈತ ಸಂಪರ್ಕ ಕೇಂದ್ರಕ್ಕೆ ಸಲಹೆಗೆ ಹೋಗುವಾಗ ಇದನ್ನು ಜೊತೆಗೆ ಒಯ್ಯಿರಿ. ಹೊಲವನ್ನು ಕಾಣದ ಅಧಿಕಾರಿಗೂ ಸರಿಯಾದ ಸಲಹೆ ನೀಡಲು ಸುಲಭವಾಗುತ್ತದೆ. ಬರುವ ಮೊದಲ ಮಳೆಯಿಂದಲೇ ಬರೆಯಲು ಪ್ರಾರಂಭಿಸಿರಿ.